ಶುಶ್ರೂಷೆ: ಕೈಯ ಕೆಲಸವೋ, ಬುದ್ಧಿಯ ಕೆಲಸವೋ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದ ವಾರ ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ನಡೆಯುವ ಮಾತುಕತೆಗೆ ಒಂದು ನಿಶ್ಚಿತ ಕ್ರಮವಿದೆ. ಅಂಕಗಳು ಚೆನ್ನಾಗಿ ಬಂದಿದ್ದರೆ ಹುಡುಗಿಯನ್ನು ವೈದ್ಯಕೀಯಕ್ಕೋ ಇಂಜಿನಿಯರಿಂಗಿಗೋ ಕಳುಹಿಸುವ ಮಾತು ಏಳುತ್ತದೆ. ಅಷ್ಟು ಬಾರದಿದ್ದರೆ, ಅಥವಾ ಬಂದರೂ ಹಣ ಸಾಲದಿದ್ದರೆ, ನರ್ಸಿಂಗ್ ಆಗಬಹುದಲ್ಲ ಎನ್ನುತ್ತಾರೆ ಹಿರಿಯರು. ಹುಡುಗಿ ಮೃದು ಸ್ವಭಾವದವಳು, ತಾಳ್ಮೆಯವಳು, ಅಜ್ಜಿಯನ್ನು ಕೊನೆಯವರೆಗೂ ನೋಡಿಕೊಂಡವಳು ಎಂಬ ಸಮರ್ಥನೆಗಳು ಬರುತ್ತವೆ. ಕುವೈತಿನಲ್ಲೋ ಐರ್ಲೆಂಡಿನಲ್ಲೋ ಇರುವ ಚಿಕ್ಕಮ್ಮನ ಸಂಬಳದ ಪ್ರಸ್ತಾಪವೂ ಆಗುತ್ತದೆ. ಪುಣ್ಯದ ಕೆಲಸವೆಂದು ಗುರುಗಳ ಬಾಯಿಂದ ಒಂದು ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ಇಷ್ಟೆಲ್ಲದರ ನಡುವೆ ಒಂದು ಪದ ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ. ಅದು ಬುದ್ಧಿ ಎಂಬ ಪದ.

ಯೋಚಿಸುವವರು ವೈದ್ಯರು, ಮಾಡುವವರು ದಾದಿಯರು ಎಂಬ ಈ ಹಂಚಿಕೆ ನಮ್ಮ ಜನಮನದಲ್ಲಿ ಆಳವಾಗಿ ಬೇರೂರಿದೆ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತ ಸಂಬಂಧಿಕರು ವೈದ್ಯರು ಬಂದಾಗ ಎದ್ದು ನಿಲ್ಲುತ್ತಾರೆ. ದಾದಿ ಬಂದಾಗ ಬಾಟಲಿ ಮುಗಿಯಿತು, ಬದಲಾಯಿಸಿ ಎನ್ನುತ್ತಾರೆ. ಈ ತಿಳಿವಳಿಕೆ ದಾದಿಯರ ಗೌರವಕ್ಕೆ ಮಾತ್ರ ಕುಂದು ತರುವುದಾಗಿದ್ದರೆ ನಾವು ಈ ಅಂಕಣವನ್ನು ಅದಕ್ಕಾಗಿ ಮೀಸಲಿಡುತ್ತಿರಲಿಲ್ಲ. ಅದು ರೋಗಿಯ ಪ್ರಾಣಕ್ಕೂ ಕುಂದು ತರಬಲ್ಲದು ಎಂಬುದನ್ನು ನಮ್ಮ ಕುಟುಂಬಗಳು ಅರಿಯುವುದು ಅವಶ್ಯ.

ನಮ್ಮ ಭಾಷೆಯಾದರೋ ಈ ವಿಷಯದಲ್ಲಿ ನಮಗಿಂತ ಜಾಣ. 'ಶುಶ್ರೂಷೆ' ಎಂಬ ಪದ ಸಂಸ್ಕೃತದ 'ಶ್ರು' ಧಾತುವಿನಿಂದ, ಅಂದರೆ ಕೇಳು ಎಂಬ ಅರ್ಥದ ಧಾತುವಿನಿಂದ ಬಂದುದು. ಅದರ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಸೇವೆ, ಉಪಚಾರ ಎಂಬ ಅರ್ಥಗಳು ಅದಕ್ಕೆ ಆಮೇಲೆ ಸೇರಿಕೊಂಡವು. ಇನ್ನೊಂದು ಪದ 'ನಿದಾನ'. ಕರುವನ್ನು ಕಟ್ಟುವ ಹಗ್ಗಕ್ಕೆ ವೇದಕಾಲದಲ್ಲಿ ಈ ಹೆಸರಿತ್ತು. ಮುಂದೆ ಅದು ಕಾರಣ ಎಂಬ ಅರ್ಥ ಪಡೆದು, ಆಯುರ್ವೇದದಲ್ಲಿ ರೋಗದ ಕಾರಣವನ್ನು ಹುಡುಕಿ ಗುರುತಿಸುವ ಶಾಸ್ತ್ರದ ಹೆಸರಾಯಿತು. ನಾವು ಅವಸರವಿಲ್ಲದಿರುವುದಕ್ಕೆ ಬಳಸುವ 'ನಿಧಾನ' ಬೇರೆಯೇ ಪದ; ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವುಂಟು. ಆದರೂ ನಮ್ಮವರು ಎರಡನ್ನೂ ಒಂದೇ ರೀತಿ ಉಚ್ಚರಿಸುವುದು ಕೇಳಿದಾಗ ಆ ತಪ್ಪಿನಲ್ಲೂ ಸ್ವಲ್ಪ ಸತ್ಯವಿದೆಯೆಂದು ನಮಗೆ ಅನಿಸುವುದುಂಟು.

ಶುಶ್ರೂಷೆಗೆ ತನ್ನದೇ ಆದ ನಿದಾನವಿದೆ ಎಂದರೆ ಓದುಗರಲ್ಲಿ ಹಲವರಿಗೆ ಆಶ್ಚರ್ಯವಾದೀತು. ಮಧುಮೇಹ, ನ್ಯುಮೋನಿಯ, ಪಾರ್ಶ್ವವಾಯು ಎಂದು ರೋಗವನ್ನು ಹೆಸರಿಸುವುದು ವೈದ್ಯರ ಅಧಿಕಾರ. ಅದರಲ್ಲಿ ದಾದಿಯರು ಕೈಹಾಕುವುದಿಲ್ಲ. ಆದರೆ ರೋಗ ಒಂದಾದರೂ ಅದನ್ನು ಹೊತ್ತ ಮನುಷ್ಯರು ಬೇರೆ ಬೇರೆ. ಒಂದೇ ದಿನ, ಒಂದೇ ವಾರ್ಡಿಗೆ, ಸೊಂಟದ ಮೂಳೆ ಮುರಿದ ಇಬ್ಬರು ಎಪ್ಪತ್ತರ ಮಹಿಳೆಯರು ದಾಖಲಾದರೆಂದು ಭಾವಿಸೋಣ. ವೈದ್ಯರ ಚೀಟಿಯಲ್ಲಿ ಇಬ್ಬರದೂ ಒಂದೇ ಹೆಸರು, ಒಂದೇ ಶಸ್ತ್ರಚಿಕಿತ್ಸೆ. ಮೊದಲನೆಯಾಕೆ ಮತ್ತೆ ಬಿದ್ದೇನೆಂಬ ಭಯದಿಂದ ಹಾಸಿಗೆ ಬಿಟ್ಟು ಏಳಲೊಲ್ಲಳು. ಮಲಗಿದಲ್ಲೇ ಮಲಗಿದ್ದರೆ ಬೆನ್ನಿನ ಚರ್ಮ ಕೆಡುತ್ತದೆ, ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡನೆಯಾಕೆಗೆ ಭಯವೇ ಇಲ್ಲ. ಮನೆಯಲ್ಲಿ ಒಬ್ಬಳೇ ಇರುವವಳು, ಹಸುವಿದೆ, ಕೋಳಿಯಿದೆ. ನೋವನ್ನು ಯಾರಿಗೂ ಹೇಳದೆ ಹಲ್ಲುಕಚ್ಚಿ, ಯಾರೂ ನೋಡದ ಹೊತ್ತಿನಲ್ಲಿ ತಾನೇ ಎದ್ದು ಶೌಚಕ್ಕೆ ಹೊರಡುತ್ತಾಳೆ. ಮೊದಲನೆಯಾಕೆಗೆ ಬೇಕಾದುದು ಧೈರ್ಯ ಮತ್ತು ಹೆಜ್ಜೆಹೆಜ್ಜೆಯ ಅಭ್ಯಾಸ. ಎರಡನೆಯಾಕೆಗೆ ಬೇಕಾದುದು ನೋವಿನ ಶಮನ, ಕೈಗೆಟಕುವ ಕರೆಗಂಟೆ, ಮತ್ತು ಮನೆಗೆ ಹೋದ ಮೇಲೆ ಹಸುವಿನ ಹಾಲು ಕರೆಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ. ರೋಗಕ್ಕೆ ಮನುಷ್ಯನ ದೇಹ, ಮನಸ್ಸು, ಬದುಕು ನೀಡುವ ಇಂಥ ಪ್ರತಿಸ್ಪಂದನವನ್ನು ಗುರುತಿಸಿ, ಅದಕ್ಕೆ ಹೆಸರಿಟ್ಟು, ಕಾರಣವನ್ನೂ ಕಂಡ ಲಕ್ಷಣಗಳನ್ನೂ ಬರೆದಿಡುವುದೇ ಶುಶ್ರೂಷಾ ನಿದಾನ.

ಈ ಮಾತು ಇಂದು ನರ್ಸಿಂಗ್ ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿನಿಯ ಬಾಯಲ್ಲಿದೆ. ಆದರೆ ಇದು ಸುಲಭವಾಗಿ ದಕ್ಕಿದ್ದಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯ 1972ರಲ್ಲಿ ತನ್ನ ಕಾನೂನನ್ನು ತಿದ್ದಿ, ಮಾನವ ಪ್ರತಿಸ್ಪಂದನಗಳ ನಿದಾನ ಮತ್ತು ಚಿಕಿತ್ಸೆ ದಾದಿಯರ ವೃತ್ತಿಯ ಭಾಗವೆಂದು ಒಪ್ಪಿತು. ಮರುವರ್ಷವೇ, 1973ರಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ ಶುಶ್ರೂಷಾ ನಿದಾನಗಳ ವರ್ಗೀಕರಣಕ್ಕಾಗಿ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದನ್ನು ಕರೆದವರು ಕ್ರಿಸ್ಟೀನ್ ಗೆಬ್ಬಿ ಮತ್ತು ಮೇರಿ ಆನ್ ಲಾವಿನ್ ಎಂಬ ಇಬ್ಬರು ಅಧ್ಯಾಪಕಿಯರು. ಅವರು ಕಲಿಸುತ್ತಿದ್ದುದು ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯದಲ್ಲಿ, ಅಂದರೆ ಯೇಸುಸಭೆಯ ಗುರುಗಳ ವಿದ್ಯಾಸಂಸ್ಥೆಯಲ್ಲಿ. ಇದೇ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರ ಔಷಧಾಲಯ ತೆರೆದವರು ಎಂಬುದು ನಮ್ಮ ಕರಾವಳಿಯ ಓದುಗರಿಗೆ ತಿಳಿದ ಸಂಗತಿ. ಹೊರರೋಗಿ ವಿಭಾಗದಲ್ಲಿ ದಾದಿಯ ಪಾಲಿನ ಕೆಲಸವೆಂಬುದು ನಿಜವಾಗಿ ಯಾವುದು, ಅದಕ್ಕೆ ಹೆಸರೇನು ಎಂಬ ಪ್ರಶ್ನೆಯಿಂದ ಈ ಸಮ್ಮೇಳನ ಹುಟ್ಟಿತು. ಹೆಸರಿಲ್ಲದ ಕೆಲಸ ದಾಖಲೆಯಲ್ಲಿ ಸೇರುವುದಿಲ್ಲ. ದಾಖಲೆಯಲ್ಲಿ ಇಲ್ಲದುದನ್ನು ಯಾರೂ ಕಲಿಸುವುದಿಲ್ಲ, ಅದಕ್ಕೆ ಯಾರೂ ಹಣ ಕೊಡುವುದೂ ಇಲ್ಲ.

ಆ ಪ್ರಯತ್ನ ಬೆಳೆದು 1982ರಲ್ಲಿ ನಾಂಡಾ ಎಂಬ ಸಂಘವಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ಜರಿ ಗಾರ್ಡನ್ ಕಲಿಸುತ್ತಿದ್ದುದು ಬೋಸ್ಟನ್ ಕಾಲೇಜಿನಲ್ಲಿ, ಅದೂ ಯೇಸುಸಭೆಯದೇ. ಆರಂಭದ ವರ್ಷಗಳಲ್ಲಿ ಈ ವರ್ಗೀಕರಣಕ್ಕೆ ಸೈದ್ಧಾಂತಿಕ ಚೌಕಟ್ಟು ಒದಗಿಸಲು ಸೇರಿದ ಚಿಂತಕಿಯರ ತಂಡವನ್ನು ಮುನ್ನಡೆಸಿದವರು ಸಂತ ಜೋಸೆಫರ ಭಗಿನಿಯರ ಸಭೆಗೆ ಸೇರಿದ ಸಿಸ್ಟರ್ ಕ್ಯಾಲಿಸ್ಟಾ ರಾಯ್. ಮಕ್ಕಳ ವಾರ್ಡಿನಲ್ಲಿ ದುಡಿಯುವಾಗ, ದೊಡ್ಡ ಆಘಾತಗಳಿಗೂ ಮಕ್ಕಳು ಹೊಂದಿಕೊಳ್ಳುವ ಪರಿಯನ್ನು ಕಂಡು ಬೆರಗಾದ ಈ ಕನ್ಯಾಸ್ತ್ರೀ, ಆ ಬೆರಗನ್ನೇ ಮುಂದೆ ಒಂದು ಸಿದ್ಧಾಂತವಾಗಿ ಬೆಳೆಸಿದರು. ಹೊಂದಾಣಿಕೆಯ ಆ ಸಿದ್ಧಾಂತವನ್ನು ನಮ್ಮ ರಾಜ್ಯದ ನರ್ಸಿಂಗ್ ವಿದ್ಯಾರ್ಥಿಗಳೂ ಪರೀಕ್ಷೆಗೆ ಓದುತ್ತಾರೆ. ಅದರ ಕರ್ತೃ ಧರ್ಮಭಗಿನಿ ಎಂಬುದು ಬಹುಮಂದಿಗೆ ತಿಳಿದಿರಲಾರದು.

ಪುಸ್ತಕದ ಪ್ರಕಾರ ಶುಶ್ರೂಷಾ ಪ್ರಕ್ರಿಯೆಗೆ ಐದು ಹಂತಗಳು: ಪರಿಶೀಲನೆ, ನಿದಾನ, ಯೋಜನೆ, ಅನುಷ್ಠಾನ, ಮೌಲ್ಯಮಾಪನ. ಬರೆದಾಗ ಒಣ ಪಟ್ಟಿ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಅದು ಹೇಗಿರುತ್ತದೆಂಬುದನ್ನು ಕಲ್ಪಿಸಿಕೊಳ್ಳೋಣ.

ಬೆಂಗಳೂರಿನ ಯಾವುದೋ ಆಸ್ಪತ್ರೆ. ಕರಾವಳಿಯಿಂದ ಮಗನ ಮನೆಗೆ ಬಂದಿದ್ದ ಎಂಬತ್ತರ ಅಜ್ಜಿಗೆ ಎರಡು ದಿನದ ಹಿಂದೆ ಶಸ್ತ್ರಚಿಕಿತ್ಸೆಯಾಗಿದೆ. ಸಂಜೆಯವರೆಗೂ ಸರಿಯಾಗಿದ್ದವರು ಈಗ ಡ್ರಿಪ್ಪಿನ ನಳಿಕೆ ಕೀಳುತ್ತಿದ್ದಾರೆ, ಕೂಗುತ್ತಿದ್ದಾರೆ, ಹಾಸಿಗೆಯಿಂದ ಇಳಿಯಲು ಹವಣಿಸುತ್ತಿದ್ದಾರೆ. ಮಗನನ್ನು ಗುರುತಿಸಲಾರರು. ವಯಸ್ಸಾಯಿತಲ್ಲ, ಅರಳುಮರಳು ಎನ್ನುತ್ತಾನೆ ಮಗ. ಪಕ್ಕದ ಹಾಸಿಗೆಯವರು ನಿದ್ರೆ ಕೆಟ್ಟಿತೆಂದು ಗೊಣಗುತ್ತಾರೆ. ಎಲ್ಲರಿಗೂ ಬೇಕಾದುದು ಒಂದೇ: ಕೈಗಳನ್ನು ಮಂಚಕ್ಕೆ ಕಟ್ಟಿ, ನಿದ್ರೆಯ ಚುಚ್ಚುಮದ್ದು ಹಾಕಿಬಿಡಲಿ.

ಇಲ್ಲಿ ದಾದಿಯ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ಫೋನೆತ್ತಿ, ಹಾಸಿಗೆ ಏಳರ ರೋಗಿ ಗಲಾಟೆ ಮಾಡುತ್ತಿದ್ದಾರೆ, ನಿದ್ರೆಗೆ ಏನಾದರೂ ಬರೆದುಕೊಡಿ ಎಂದು ಡ್ಯೂಟಿ ವೈದ್ಯರನ್ನು ಕೇಳುವುದು. ಅದರಲ್ಲಿ ನಿಯಮೋಲ್ಲಂಘನೆಯೇನೂ ಇಲ್ಲ. ಎರಡನೆಯದು ತನ್ನನ್ನೇ ಕೇಳಿಕೊಳ್ಳುವುದು: ಸಂಜೆ ಆರಕ್ಕೆ ಸರಿಯಾಗಿದ್ದವರು ಎರಡು ಗಂಟೆಗೆ ಹೀಗಾದರೆ, ಎಂಟು ಗಂಟೆಗಳಲ್ಲಿ ಬದಲಾದದ್ದು ಯಾವುದು? ವೃದ್ಧಾಪ್ಯವಂತೂ ಎಂಟು ಗಂಟೆಗಳಲ್ಲಿ ಬರುವುದಿಲ್ಲ. ಹಠಾತ್ತಾಗಿ ಬಂದ ಗೊಂದಲ ವಯಸ್ಸಿನ ಲಕ್ಷಣವಲ್ಲ, ದೇಹದೊಳಗೆ ಏನೋ ಕೆಟ್ಟಿದೆ ಎಂಬುದರ ಸೂಚನೆ ಎಂಬ ತಿಳಿವಳಿಕೆ ಅವಳಿಗಿದ್ದರೆ, ಹುಡುಕಾಟ ಆರಂಭವಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಮೊದಲು ಕಾಣುವುದು ಚಡಪಡಿಕೆ; ಆದ್ದರಿಂದ ಬೆರಳಿಗೆ ಮಾಪಕ ಹಚ್ಚುತ್ತಾಳೆ, ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ಸಕ್ಕರೆ ಇಳಿದಿದೆಯೇ? ಜ್ವರವಿದೆಯೇ? ಗಾಯ ಕೀವಾಗಿದೆಯೇ? ಸಂಜೆ ಹೊಸ ಮಾತ್ರೆಯೇನಾದರೂ ಕೊಟ್ಟಿದೆಯೇ? ಕನ್ನಡಕವೂ ಕಿವಿಯ ಯಂತ್ರವೂ ಎಲ್ಲಿ? ಅವು ಮೇಜಿನ ಡ್ರಾಯರಿನಲ್ಲಿ ಭದ್ರವಾಗಿದ್ದರೆ, ಮುದುಕಿಯ ಪಾಲಿಗೆ ಆ ವಾರ್ಡು ಮಸುಕಾದ ಬೆಳಕಿನಲ್ಲಿ ಬಾಯಿ ಆಡಿಸುವ ಅಪರಿಚಿತರ ಗುಂಪು. ಇನ್ನು ಭಾಷೆ. ದಾದಿ ಕೇರಳದವಳು, ವಾರ್ಡಿನ ಮಾತು ಇಂಗ್ಲಿಷು ಮತ್ತು ಅರೆಬರೆ ಕನ್ನಡ, ಅಜ್ಜಿ ಕೂಗುತ್ತಿರುವುದು ಕೊಂಕಣಿಯಲ್ಲಿ. ಅಮ್ಮ ಏನು ಹೇಳುತ್ತಿದ್ದಾರೆ ಎಂದು ಅವಳು ಮಗನನ್ನು ಕೇಳುತ್ತಾಳೆ. ಏನೋ ಅಸಂಬದ್ಧ, ಹೊರಗೆ ಹೋಗಬೇಕಂತೆ, ಹಿತ್ತಿಲಿಗೆ ಹೋಗಬೇಕಂತೆ ಎನ್ನುತ್ತಾನೆ ಮಗ.

ಹಿತ್ತಿಲಿಗೆ. ದಾದಿ ಹೊದಿಕೆ ಸರಿಸಿ ಕಿಬ್ಬೊಟ್ಟೆಯ ಮೇಲೆ ಕೈಯಿಡುತ್ತಾಳೆ. ಗಟ್ಟಿಯಾಗಿ ಉಬ್ಬಿದೆ. ಪಟ್ಟಿ ತಿರುವಿ ನೋಡುತ್ತಾಳೆ: ಮೂತ್ರದ ನಳಿಕೆ ತೆಗೆದದ್ದು ಬೆಳಿಗ್ಗೆ, ಆಮೇಲೆ ಮೂತ್ರ ಹೋದ ದಾಖಲೆಯೇ ಇಲ್ಲ. ಈಗ ಅವಳು ವೈದ್ಯರಿಗೆ ಫೋನು ಮಾಡುತ್ತಾಳೆ. ಆದರೆ ಹೇಳುವ ಮಾತು ಬೇರೆ: ಹಠಾತ್ ಗೊಂದಲ, ಮೂತ್ರ ಕಟ್ಟಿರುವಂತಿದೆ, ನಳಿಕೆ ತೆಗೆದು ಹದಿನಾರು ಗಂಟೆಯಾಯಿತು, ಆಮ್ಲಜನಕ ಮತ್ತು ಸಕ್ಕರೆ ಸರಿಯಾಗಿವೆ, ಜ್ವರವಿಲ್ಲ. ನಳಿಕೆ ಹಾಕಿದೊಡನೆ ಅರ್ಧ ಲೀಟರಿಗೂ ಮಿಕ್ಕಿ ಹೊರಬರುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಕಡತ ಮುಚ್ಚಿದರೆ ಅವಳು ಅರ್ಧ ದಾದಿ. ಅರ್ಧ ಗಂಟೆಯ ನಂತರ ಬಂದು ನೋಡಬೇಕು. ಅಜ್ಜಿ ಶಾಂತರಾದರೇ? ಮಗನ ಹೆಸರು ಹೇಳಿದರೇ? ಇಲ್ಲವಾದರೆ ನಿದಾನ ತಪ್ಪು ಅಥವಾ ಅಪೂರ್ಣ, ಮತ್ತೆ ಮೊದಲಿನಿಂದ ಹುಡುಕಬೇಕು. ಐದನೆಯ ಹಂತವಾದ ಮೌಲ್ಯಮಾಪನವನ್ನು ಪಠ್ಯಪುಸ್ತಕಗಳು ಕೊನೆಯ ಎರಡು ಪುಟಗಳಲ್ಲಿ ಮುಗಿಸಿಬಿಡುತ್ತವೆ. ನಮಗಾದರೋ ವಿಮರ್ಶಾತ್ಮಕ ಚಿಂತನೆಯ ಹೃದಯ ಅಲ್ಲಿಯೇ ಇದೆ ಎನಿಸುತ್ತದೆ. ತನ್ನ ತೀರ್ಮಾನವನ್ನು ತಾನೇ ಪರೀಕ್ಷೆಗೊಡ್ಡುವುದು ಸುಲಭದ ಕೆಲಸವಲ್ಲ. ಇದೇ ಗೊಂದಲ ಕೆಲವು ವೃದ್ಧರಲ್ಲಿ ಕೂಗಾಟವಿಲ್ಲದೆ, ಮಂಕಾಗಿ ಸುಮ್ಮನೆ ಮಲಗಿರುವ ರೂಪದಲ್ಲಿ ಬರುತ್ತದೆ. ಅಂಥವರನ್ನು ಒಳ್ಳೆಯ ರೋಗಿ, ತೊಂದರೆ ಕೊಡುವುದಿಲ್ಲ ಎಂದು ಎಲ್ಲರೂ ಮೆಚ್ಚುತ್ತಾರೆ. ಅವರನ್ನು ಗುರುತಿಸಲು ಇನ್ನೂ ಹೆಚ್ಚಿನ ಬುದ್ಧಿ ಬೇಕು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಇಲ್ಲಿ ಹಳೆಯ ಪರಿಚಯವೊಂದು ಎದುರಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನರು ತಮ್ಮ 'ಸುಮ್ಮಾ ಥಿಯೊಲೊಜಿಯೆ' ಗ್ರಂಥದಲ್ಲಿ ವಿವೇಕವೆಂಬ ಸದ್ಗುಣವನ್ನು ಬಿಡಿಸಿ ತೋರಿಸಿದ್ದಾರೆ. ವಿವೇಕವೆಂದರೆ ಜಾಣ್ಮೆಯಿಂದ ತನ್ನ ಕೆಲಸ ಸಾಧಿಸಿಕೊಳ್ಳುವುದೆಂದು ನಾವು ಇಂದು ತಿಳಿದಿದ್ದೇವೆ. ಅಕ್ವಿನರು ಅಂಥದ್ದನ್ನು ಕಪಟವೆಂದು ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರೆ. ಅವರ ಪ್ರಕಾರ ವಿವೇಕಕ್ಕೆ ಮೂರು ಕ್ರಿಯೆಗಳು: ವಿಚಾರಿಸುವುದು, ತೀರ್ಮಾನಿಸುವುದು, ಕಾರ್ಯಕ್ಕೆ ಆಜ್ಞಾಪಿಸುವುದು. ಮೂರರಲ್ಲಿ ಪ್ರಧಾನವಾದುದು ಕೊನೆಯದು, ಏಕೆಂದರೆ ತೀರ್ಮಾನಿಸಿ ಕೈಕಟ್ಟಿ ಕುಳಿತವನು ವಿವೇಕಿಯಲ್ಲ. ಸಾಮಾನ್ಯ ನಿಯಮಗಳನ್ನು ಬಲ್ಲವನು ಪಂಡಿತನಾದಾನು. ಆದರೆ ಈ ಕ್ಷಣದಲ್ಲಿ, ಈ ಒಬ್ಬ ವ್ಯಕ್ತಿಗೆ ಮಾಡಬೇಕಾದುದನ್ನು ಬಲ್ಲವನೇ ವಿವೇಕಿ ಎಂಬುದು ಅವರ ನಿಲುವು. ಪುಸ್ತಕ ನ್ಯುಮೋನಿಯದ ಬಗ್ಗೆ ಮಾತಾಡುತ್ತದೆ. ಹಾಸಿಗೆ ಏಳರಲ್ಲಿರುವುದು ಒಬ್ಬ ಅಜ್ಜಿ.

ವಿವೇಕದ ಅಂಗಗಳಾಗಿ ಅಕ್ವಿನರು ಎಂಟನ್ನು ಹೇಳುತ್ತಾರೆ. ಎಲ್ಲವನ್ನೂ ಇಲ್ಲಿ ವಿವರಿಸಲು ಸ್ಥಳವಿಲ್ಲ. ನೆನಪು ಅದರಲ್ಲೊಂದು: ಹಿಂದೆ ಕಂಡದ್ದನ್ನು ಮರೆಯದಿರುವುದು. ಕಲಿಯುವ ವಿಧೇಯತೆ ಇನ್ನೊಂದು: ಹಿರಿಯ ದಾದಿಯಿಂದಲೂ, ಆಯಾಳಿಂದಲೂ, ರೋಗಿಯ ಮಗನಿಂದಲೂ ತಿಳಿಯಲು ಸಿದ್ಧವಿರುವುದು. ಮತ್ತೊಂದು ಚುರುಕುಮತಿ, ಅಂದರೆ ಎರಡು ಸಂಗತಿಗಳ ನಡುವಣ ಕೊಂಡಿಯನ್ನು ಥಟ್ಟನೆ ಕಾಣುವ ಶಕ್ತಿ. ಹಿತ್ತಿಲು ಎಂಬ ಮಾತಿಗೂ ಉಬ್ಬಿದ ಹೊಟ್ಟೆಗೂ ಇದ್ದ ಕೊಂಡಿಯನ್ನು ಕಂಡದ್ದು ಅದೇ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥದಲ್ಲಿ, ಹೊಸ ದಾದಿ ನಿಯಮ ಹಿಡಿದು ನಡೆಯುತ್ತಾಳೆ, ಅನುಭವಿ ದಾದಿ ಇಡೀ ಸನ್ನಿವೇಶವನ್ನು ಒಂದೇ ನೋಟದಲ್ಲಿ ಗ್ರಹಿಸುತ್ತಾಳೆ ಎಂದು ತೋರಿಸಿದರು. ಅಕ್ವಿನರಿಗೆ ಅದು ಹೊಸದೆನಿಸುತ್ತಿರಲಿಲ್ಲ.

ವಿವೇಕಕ್ಕೆ ವಿರುದ್ಧವಾದ ದೋಷಗಳಲ್ಲಿ ಅವರು ಮೊದಲು ವಿವರಿಸುವುದು ದುಡುಕನ್ನು. ಅದಕ್ಕೆ ಕೊಡುವ ಹೋಲಿಕೆ ಬಹಳ ಸರಳ. ಎತ್ತರದಿಂದ ಇಳಿಯಬೇಕಾದವನು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮೆಟ್ಟಿಲು ಬಿಟ್ಟು ಧುಮುಕಿದರೆ ಅದು ಇಳಿಯುವುದಲ್ಲ, ಬೀಳುವುದು. ಕೂಗಾಟದಿಂದ ನೇರವಾಗಿ ನಿದ್ರೆಯ ಚುಚ್ಚುಮದ್ದಿಗೆ ಹೋಗುವುದು ಇಂಥ ಧುಮುಕುವಿಕೆ. ದುಡುಕಿನ ನಂತರ ಅವಿಚಾರ, ಚಂಚಲತೆ, ಅಲಕ್ಷ್ಯ ಬರುತ್ತವೆ. ಯಾವ ನರ್ಸಿಂಗ್ ಶಾಲೆಯಾದರೂ ಈ ನಾಲ್ಕನ್ನು ಗೋಡೆಯ ಮೇಲೆ ಬರೆಸಬಹುದು.

ರೋಗಿಗಳ ಮತ್ತು ದಾದಿಯರ ಪಾಲಕರಾದ ಸಂತ ಕಮಿಲ್ಲಸರ ಜೀವನದಲ್ಲಿ ಇದಕ್ಕೊಂದು ನಿದರ್ಶನವಿದೆ. ಇಟಲಿಯಲ್ಲಿ 1550ರಲ್ಲಿ ಹುಟ್ಟಿದ ಇವರು ಯೌವನದಲ್ಲಿ ಸಿಪಾಯಿ, ಜೂಜುಕೋರ. ಕಾಲಿನ ವಾಸಿಯಾಗದ ಹುಣ್ಣಿನಿಂದಾಗಿ ಆಸ್ಪತ್ರೆಯ ಒಳಹೊರಗನ್ನು ರೋಗಿಯಾಗಿಯೇ ಕಂಡವರು. ಆಮೇಲೆ ಗುರುಗಳಾಗಿ, ರೋಗಿಗಳ ಸೇವೆಗೆಂದೇ ಸಭೆಯೊಂದನ್ನು ಕಟ್ಟಿದರು. 1586ರಲ್ಲಿ ಅದಕ್ಕೆ ಜಗದ್ಗುರುಗಳ ಮಾನ್ಯತೆ ದೊರಕಿತು. ಅವರ ಪ್ರೀತಿಯ ಬಗ್ಗೆ, ಹುಣ್ಣುಗಳನ್ನು ತೊಳೆದ ಬಗ್ಗೆ ಪ್ರಬೋಧನೆಗಳಲ್ಲಿ ನಾವು ಸಾಕಷ್ಟು ಹೇಳುತ್ತೇವೆ. ಆದರೆ ಅವರ ಜೀವನಚರಿತ್ರೆಗಳಲ್ಲಿ ಬರುವ ಇನ್ನೊಂದು ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆಸ್ಪತ್ರೆಗಳಲ್ಲಿ ಸತ್ತರೆಂದು ಬಗೆದು ಹೂಳಲು ಒಯ್ದವರಲ್ಲಿ ಕೆಲವರು ಸತ್ತಿರಲಿಲ್ಲ ಎಂಬುದನ್ನು ಅವರು ಗಮನಿಸಿದರು. ಕೊನೆಯುಸಿರು ಎಳೆದಂತೆ ಕಂಡ ಮೇಲೂ ಕಾಲು ಗಂಟೆ ಪ್ರಾರ್ಥನೆ ಮುಂದುವರಿಸಬೇಕು, ಅಷ್ಟರವರೆಗೆ ಮುಖಕ್ಕೆ ಬಟ್ಟೆ ಮುಚ್ಚಬಾರದು ಎಂದು ತಮ್ಮವರಿಗೆ ಅಪ್ಪಣೆ ಮಾಡಿದರು. ನಾಡಿಗೆ ಮಾಪಕವಿಲ್ಲದ, ಹೃದಯದ ಬಡಿತ ಕೇಳುವ ಕೊಳವೆಯಿಲ್ಲದ ಕಾಲದಲ್ಲಿ, ಎಲ್ಲರೂ ಒಪ್ಪಿದ ತೀರ್ಮಾನವನ್ನು ಕಾಲು ಗಂಟೆ ತಡೆಹಿಡಿದ ಆ ಅಪ್ಪಣೆ ಭಕ್ತಿಯದೋ ವಿಮರ್ಶಾತ್ಮಕ ಚಿಂತನೆಯದೋ? ಬಿಡಿಸಿ ಹೇಳುವುದು ಕಷ್ಟ.

ಫ್ಲಾರೆನ್ಸ್ ನೈಟಿಂಗೇಲರನ್ನು ಎಲ್ಲರೂ ದೀಪ ಹಿಡಿದ ಮಹಿಳೆಯೆಂದು ಬಲ್ಲರು. 1859ರ ಅವರ ಶುಶ್ರೂಷಾ ಗ್ರಂಥವನ್ನು ಓದಿದವರಿಗೆ ದೀಪಕ್ಕಿಂತ ಅವರ ತರ್ಕ ಹರಿತವೆನಿಸುತ್ತದೆ. ರಾತ್ರಿ ಚೆನ್ನಾಗಿ ನಿದ್ರೆ ಬಂತೇ ಎಂದು ಕೇಳುವುದೇ ದಡ್ಡತನ ಎಂಬುದು ಅವರ ಅಭಿಪ್ರಾಯ. ಒಬ್ಬನಿಗೆ ಹತ್ತು ಗಂಟೆಯ ನಿದ್ರೆಯೂ ಸಾಲದು, ಇನ್ನೊಬ್ಬನಿಗೆ ಆಗಾಗ ಬಂದ ತೂಕಡಿಕೆಯೇ ಸಾಕು. ಎಷ್ಟು ಗಂಟೆ, ಯಾವ ಯಾವ ಹೊತ್ತಿನಲ್ಲಿ ನಿದ್ರಿಸಿದಿರಿ ಎಂದು ಕೇಳಬೇಕು. ಅವರು 1854ರಲ್ಲಿ ಕ್ರಿಮಿಯ ಯುದ್ಧದ ಗಾಯಾಳುಗಳ ಸೇವೆಗೆ ಹೊರಟಾಗ ಸಂಗಡ ಕಥೋಲಿಕ ಕನ್ಯಾಸ್ತ್ರೀಯರೂ ಇದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ಇಷ್ಟು ಹೇಳಿದ ಮೇಲೆ ನೆಲದ ಮೇಲಿನ ಸ್ಥಿತಿಯನ್ನೂ ನೋಡಬೇಕು. ಕಾಲೇಜಿನಲ್ಲಿ ವಿದ್ಯಾರ್ಥಿನಿ ಬರೆಯುವ ಶುಶ್ರೂಷಾ ಯೋಜನೆ ಎಷ್ಟೋ ಸಲ ಹಿಂದಿನ ವರ್ಷದವಳ ಪುಸ್ತಕದಿಂದ ಈ ವರ್ಷದವಳ ಪುಸ್ತಕಕ್ಕೆ ಇಳಿಯುತ್ತದೆ. ರೋಗಿಯ ಮುಖ ನೋಡುವ ಮುನ್ನವೇ ನಿದಾನ ಸಿದ್ಧ. ಉಸಿರಾಟವನ್ನು ಎಣಿಸುವುದು ಲೋಕದಾದ್ಯಂತ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಪರೀಕ್ಷೆ. ಎಣಿಸದೆಯೇ ಎಲ್ಲರ ಪಟ್ಟಿಯಲ್ಲಿ 18 ಅಥವಾ 20 ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ, ಉಸಿರು ಕಟ್ಟುವ ಹೊತ್ತಿನವರೆಗೆ. ನಾಂಡಾ ಪಟ್ಟಿಯ ಪದಗಳೂ ಕೆಲವೊಮ್ಮೆ ಎಷ್ಟು ಜಟಿಲವೆಂದರೆ, ಉಬ್ಬಸ ಎನ್ನುವುದಕ್ಕೆ ಅರ್ಧ ಸಾಲು ಬೇಕು. ಶಬ್ದಾಡಂಬರ ಚಿಂತನೆಯ ವೇಷ ಹಾಕಿಕೊಂಡು ಬರುವುದು ದೈವಶಾಸ್ತ್ರದಲ್ಲಿ ನಮಗೆ ಚೆನ್ನಾಗಿ ಪರಿಚಿತವಾದ ರೋಗ.

ಆದರೆ ದೋಷವನ್ನೆಲ್ಲ ಆ ಹುಡುಗಿಯರ ಮೇಲೆ ಹೊರಿಸುವುದು ಅನ್ಯಾಯ. ರಾತ್ರಿ ಪಾಳಿಯಲ್ಲಿ ಒಬ್ಬಳಿಗೇ ಮೂವತ್ತು ಹಾಸಿಗೆ ಒಪ್ಪಿಸಿದರೆ, ಅಜ್ಜಿಯ ಹಿತ್ತಿಲಿನ ಮಾತು ಕೇಳಲು ಅವಳಿಗೆ ಯಾವ ಬಿಡುವು? ವೈದ್ಯರನ್ನು ಪ್ರಶ್ನಿಸಿದವಳನ್ನು ಉದ್ಧಟಳೆಂದು ಮೇಲಿನವರಿಗೆ ದೂರುವ ಕಡೆ ಪ್ರಶ್ನಿಸುವವರು ಯಾರು? ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ 2016ರಲ್ಲಿ ರಚಿತವಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಮಾಸಿಕ ವೇತನ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ಶಿಲುಬೆ ಹೊತ್ತ ಕಟ್ಟಡಗಳು ಸೇರಿದಂತೆ ಪ್ರತಿಯೊಂದು ಆಸ್ಪತ್ರೆಯ ಆಡಳಿತವೂ ತನ್ನ ವೇತನ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಸೇವಾಮನೋಭಾವವೆಂಬುದು ಸಂಬಳ ಕಡಿತಕ್ಕೆ ಸಮಜಾಯಿಷಿಯಲ್ಲ. ಇತ್ತ ಹೊರದೇಶಗಳು ನಮ್ಮ ಹುಡುಗಿಯರ ಬುದ್ಧಿಯನ್ನೇ ತೂಗಿ ನೋಡುತ್ತಿವೆ. ಅಮೆರಿಕದಲ್ಲಿ ದಾದಿಯಾಗಲು ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಹೊಸ ರೂಪ ತಾಳಿದೆ. ರೋಗಿಯೊಬ್ಬನ ಸ್ಥಿತಿ ಗಂಟೆ ಗಂಟೆಗೂ ಬದಲಾಗುವುದನ್ನು ಮುಂದಿಟ್ಟು, ಯಾವುದನ್ನು ಗಮನಿಸಿದೆ, ಏನೆಂದು ಅರ್ಥೈಸಿದೆ, ಮೊದಲು ಏನು ಮಾಡುವೆ ಎಂದು ಅದು ಕೇಳುತ್ತದೆ. ಕಂಠಪಾಠ ಅಲ್ಲಿ ನಡೆಯುವುದಿಲ್ಲ.

ಸದಯ ಸಮಾರಿಯದವನ ಸಾಮತಿಯನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಸಂತ ಲೂಕರ ಶುಭಸಂದೇಶವನ್ನು ಎಚ್ಚರದಿಂದ ಓದಿದರೆ ಒಂದು ಸಂಗತಿ ಕಾಣುತ್ತದೆ: ಗಾಯಗೊಂಡವನನ್ನು ಮೂವರೂ ನೋಡಿದರು. ಯಾಜಕನೂ ನೋಡಿದ (ನಮ್ಮ ವೃತ್ತಿಯವನೇ), ಲೇವಿಯನೂ ನೋಡಿದ. ಸಮಾರಿಯದವನು ಹತ್ತಿರ ಹೋದ, ಗಾಯಗಳಿಗೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿದ, ನಡೆಯಲಾರದವನೆಂದು ತಿಳಿದು ತನ್ನ ವಾಹನದ ಮೇಲೆ ಕೂರಿಸಿದ, ಒಂದು ರಾತ್ರಿ ತಾನೇ ಜೊತೆಗಿದ್ದ, ಮಾರನೆಯ ದಿನ ಖರ್ಚಿಗೆ ಎರಡು ನಾಣ್ಯ ಕೊಟ್ಟ. ಅಷ್ಟಕ್ಕೂ ನಿಲ್ಲದೆ, ಮರಳಿ ಬರುವಾಗ ವಿಚಾರಿಸುವೆನೆಂದು ಚಾವಡಿಯವನಿಗೆ ಹೇಳಿ ಹೋದ. 1984ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಮಾನವ ಯಾತನೆಯ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಈ ಸಾಮತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಅನುಕಂಪ ಅವನನ್ನು ಹತ್ತಿರಕ್ಕೆ ಎಳೆಯಿತು, ನಿಜ. ಹತ್ತಿರ ಹೋದ ಮೇಲೆ ಅವನು ಮಾಡಿದ್ದರಲ್ಲಿ ಒಂದೂ ವಿಚಾರವಿಲ್ಲದೆ ಮಾಡಿದ್ದಲ್ಲ.

ಕುಟುಂಬಗಳಿಗೆ ಈಗ ಹೇಳಬೇಕಾದುದು ಉಳಿಯಿತು. ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸಿದ ದಿನ ದಾದಿ ಬಂದು ಪ್ರಶ್ನೆ ಕೇಳಿದಾಗ, ಎಲ್ಲ ಡಾಕ್ಟರಿಗೆ ಹೇಳಿಯಾಗಿದೆ ಎನ್ನಬೇಡಿ. ಅವಳು ಕೇಳುತ್ತಿರುವುದು ಬೇರೆ ವಿಷಯ. ಯಾವ ಕಿವಿ ಕೇಳಿಸುತ್ತದೆ, ಯಾವ ಭಾಷೆ ಅರ್ಥವಾಗುತ್ತದೆ, ರಾತ್ರಿ ಎಷ್ಟು ಸಲ ಏಳುತ್ತಾರೆ, ನೋವಾದರೆ ಹೇಳುವವರೋ ನುಂಗುವವರೋ, ಊಟ ಬಿಟ್ಟರೆ ಸಿಟ್ಟಿನಿಂದಲೋ ಅರುಚಿಯಿಂದಲೋ ಎಂಬುದೆಲ್ಲ ನಿಮಗೆ ತಿಳಿದಿದೆ, ಯಾವ ಯಂತ್ರಕ್ಕೂ ತಿಳಿದಿಲ್ಲ. ಅಪ್ಪ ಇವತ್ತು ಎಂದಿನಂತಿಲ್ಲ ಎಂದು ನಿಮಗನಿಸಿದರೆ, ಕಾರಣ ಗೊತ್ತಿಲ್ಲದಿದ್ದರೂ, ಆ ಮಾತನ್ನು ದಾದಿಗೆ ಹೇಳಿ. ಅದು ಅವಳ ಪರಿಶೀಲನೆಯ ಮೊದಲ ಸಾಲಾಗಬಹುದು.

ದೇಹಕ್ಕೆ ಸಂಬಂಧಿಸದ ಸಂಗತಿಗಳನ್ನೂ ಹೇಳಬಹುದು. ನಾಂಡಾದ ಪಟ್ಟಿಯಲ್ಲಿ 'ಆಧ್ಯಾತ್ಮಿಕ ಸಂಕಟ' ಎಂಬುದೂ ಒಂದು ಅಧಿಕೃತ ನಿದಾನವಾಗಿ ಸೇರಿತ್ತು. ದೇವರು ತನ್ನನ್ನು ಕೈಬಿಟ್ಟನೆಂದು ಕೊರಗುವುದು, ಪ್ರಾರ್ಥಿಸಲಾಗದಿರುವುದು, ಬದುಕಿಗೆ ಅರ್ಥ ಕಾಣದಿರುವುದು ಇದರ ಲಕ್ಷಣಗಳು. ಜಪಸರ ಬಿಡದೆ ಹೇಳುತ್ತಿದ್ದ ಮುದುಕನೊಬ್ಬ ಮೂರು ದಿನದಿಂದ ಅದನ್ನು ದಿಂಬಿನ ಕೆಳಗೆ ತಳ್ಳಿದ್ದರೆ, ಗೋಡೆಗೆ ಮುಖಮಾಡಿ ಮಲಗಿದ್ದರೆ, ಅದನ್ನು ಮೊದಲು ಕಾಣುವವಳು ದಾದಿ. ಅವಳು ಹಿಂದೂ ಇರಬಹುದು, ಮುಸಲ್ಮಾನಳಿರಬಹುದು. ನಿದಾನಕ್ಕೆ ಅದು ಅಡ್ಡಿಯಲ್ಲ. ನಮ್ಮಲ್ಲಿ ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆಸುವುದೆಂದರೆ ಸಾವನ್ನು ಕರೆಸಿದಂತೆ ಎಂಬ ಭಯ ಇನ್ನೂ ಹೋಗಿಲ್ಲ. ಹಾಗಾಗಿ ಮನೆಯವರು ಪ್ರಜ್ಞೆ ತಪ್ಪುವವರೆಗೂ ಕಾಯುತ್ತಾರೆ, ಪಾಪನಿವೇದನೆಗೂ ಪರಮಪ್ರಸಾದಕ್ಕೂ ಹೊತ್ತು ಮೀರಿರುತ್ತದೆ. ಸರಿಯಾದ ಹೊತ್ತಿಗೆ ಕರೆ ಬಂದ ಸಂದರ್ಭಗಳನ್ನು ನಾವು ವಿಚಾರಿಸಿ ನೋಡಿದ್ದುಂಟು. ಆ ಅಪ್ಪನವರು ನಿನ್ನೆಯಿಂದ ಯಾರನ್ನೋ ಕಾಯುತ್ತಿರುವ ಹಾಗಿದೆ, ನಿಮ್ಮ ಫಾದರ್‌ಗೆ ಒಮ್ಮೆ ಹೇಳಿ ಎಂದು ಮನೆಯವರಿಗೆ ಸೂಚಿಸಿದವಳು ಎಷ್ಟೋ ಸಲ ರಾತ್ರಿ ಪಾಳಿಯ ದಾದಿಯೇ ಆಗಿದ್ದಳು.